ದೊಡ್ಡಯ್ಯ ಬಿಡಿಸಿದ ಮೇಕ್‌ಫೈಲು

ನಮ್ಮ ದೊಡ್ಡಯ್ಯನನ್ನು ಇನ್ನು ಮುಂದೆ ಯಾವ ಶುಭಕಾರ್ಯಕ್ಕೂ ಕರೆಯಬಾರದು ಎಂದು ನಮ್ಮ ಮನೆತನದಲ್ಲಿ ಇದುವರೆಗೆ ಮೂರು ಸಲ ತೀರ್ಮಾನವಾಗಿದೆ. ಮೂರು ಸಲವೂ ಆ ತೀರ್ಮಾನ ಮಾಡಿದ ಪಂಚಾಯ್ತಿಗೆ ಹಿರಿಯರಾಗಿ ಕೂತಿದ್ದವರು ಅವರೇ! "ಸರಿಯಾಗೇ ಅದೆ ಬುಡ್ರಲಾ, ಕರೀಬ್ಯಾಡಿ" ಎಂದು ಒಪ್ಪಿಗೆ ಕೊಟ್ಟು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಎದ್ದು ಹೋಗುತ್ತಾರೆ. ಮುಂದಿನ ಮದುವೆಯ ದಿನ ನೋಡಿದರೆ ಎಲ್ಲರಿಗಿಂತ ಮೊದಲೇ ಬಂದು ಚಪ್ಪರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಾರೆ.

ದೊಡ್ಡಯ್ಯ ಎಂದರೆ ನನ್ನ ಅಪ್ಪನ ಅಣ್ಣ. ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನೀರುಗಂಟಿಯಾಗಿದ್ದವರು. ನಾಲೆಯ ನೀರನ್ನು ಗದ್ದೆಯಿಂದ ಗದ್ದೆಗೆ ಸರದಿಯ ಪ್ರಕಾರ ಬಿಡುವುದು ಅವರ ಕೆಲಸ. ಮನುಷ್ಯ ಕೆಟ್ಟವರಲ್ಲ. ಅವರಿಗಿರುವ ಕಾಯಿಲೆ ಒಂದೇ, ಯಾವ ವಿಷಯವನ್ನೂ ಮೊದಲಿನಿಂದ ಶುರುಮಾಡಲಾರರು. ಕೊನೆಯನ್ನು ಹಿಡಿದು ಹಿಂದಕ್ಕೆ ಎಳೆದುಕೊಂಡು ಬರುತ್ತಾರೆ. ಲೋಕವೆಲ್ಲ ಹಾಲು ಕಾಯಿಸಿ ಹೆಪ್ಪು ಹಾಕಿದರೆ ಇವರು ಮೊದಲು ಮಜ್ಜಿಗೆ ಕುಡಿಯುವ ಲೋಟ ಎಲ್ಲಿದೆ ಎಂದು ಹುಡುಕುತ್ತಾರೆ!

ಕೆ.ಆರ್. ಪೇಟೆಯಲ್ಲಿರುವ ನನ್ನ ಅಣ್ಣ ಮನೆ ಕಟ್ಟಿಸಲು ಹೊರಟಾಗ ಏನಾಯಿತು ಗೊತ್ತೆ? ಗುದ್ದಲಿ ಪೂಜೆ ಮುಗಿದು, ಕೋಸಂಬರಿ ಹಂಚುತ್ತಿದ್ದರು. ಎಂಜಿನಿಯರ್ ದೊಡ್ಡ ಹಾಳೆಯೊಂದನ್ನು ಬಿಡಿಸಿ ಇದು ಹಾಲ್, ಇದು ದೇವರ ಮನೆ ಎಂದು ತೋರಿಸುತ್ತಿದ್ದ. ದೊಡ್ಡಯ್ಯ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೇಳಿದರು: "ಎಲ್ಲಾ ಸರಿ ಕಣಪ್ಪ, ಎಣ ಆಚೆಗೆ ತರೋದು ಎಲ್ಲಿಂದ?"

ಕೋಸಂಬರಿ ಕೈಯಲ್ಲೇ ಉಳಿಯಿತು. ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಅಣ್ಣ ಹಲ್ಲು ಕಡಿಯುತ್ತ, "ದೊಡ್ಡಯ್ಯ, ಇನ್ನೂ ಪಾಯವೇ ತೋಡಿಲ್ಲ!" ಎಂದ. "ಅದ್ಕೇ ಈಗ್ಲೇ ಕೇಳ್ತಿರದು ಕಣ್ಲಾ. ಈ ನಡೆ ನೋಡು, ಇಲ್ಲಿ ಮೊಳಕೈ ತರ ಮಡಿಸ್ಕಂಡದೆ. ಇಲ್ಲಿ ಚಟ್ಟ ತಿರುಗಕಿಲ್ಲ" ಎಂದರು ದೊಡ್ಡಯ್ಯ. ಅವರನ್ನು ಕರೆಯಬಾರದೆಂಬ ಮೊದಲನೆಯ ತೀರ್ಮಾನ ಆ ದಿನವೇ ಆದದ್ದು. ಮನೆ ಮುಗಿಯಿತು. ಗೃಹಪ್ರವೇಶದ ಹಿಂದಿನ ದಿನ ತೇಗದ ಜೋಡಿ ಮಂಚ ಬಂತು. ಕೋಣೆಗೆ ಹೋಗುವ ಆ ಇಕ್ಕಟ್ಟು ನಡೆಯಲ್ಲಿ ಅದು ತಿರುಗಲಿಲ್ಲ! ಸುಣ್ಣ ಬಳಿದಿದ್ದ ಹೊಸ ಗೋಡೆಯನ್ನು ಎರಡಡಿ ಒಡೆದೆವು. ದೊಡ್ಡಯ್ಯ ಹೇಳಿದ್ದು ಚಟ್ಟಕ್ಕೆ, ನಾವು ಒಡೆದದ್ದು ಮಂಚಕ್ಕೆ, ಗೋಡೆಗೇನು ವ್ಯತ್ಯಾಸ?

ನನ್ನ ನಿಶ್ಚಿತಾರ್ಥದಲ್ಲೂ ಇದೇ ಕತೆ. ನನ್ನನ್ನು ಕೊಟ್ಟಿದ್ದು ಶ್ರೀರಂಗಪಟ್ಟಣಕ್ಕೆ. ಬೀಗರು ಸಾಲಾಗಿ ಕೂತಿದ್ದಾರೆ, ತಟ್ಟೆ ಬದಲಾಯಿಸಬೇಕು. ದೊಡ್ಡಯ್ಯ ಗಂಟಲು ಸರಿಮಾಡಿಕೊಂಡು ನನ್ನ ಭಾವೀ ಮಾವನವರನ್ನು ಕೇಳಿದರು: "ಇಲ್ಲಿಂದ ಪಾಂಡವಪುರಕ್ಕೆ ಕಡೇ ಬಸ್ಸು ಎಷ್ಟೊತ್ತಿಗೆ?" ಪಾಪ, ಅವರು ಇವರಿಗೆ ಊರಿಗೆ ಹೋಗುವ ಅವಸರವೆಂದುಕೊಂಡು, "ಊಟ ಮಾಡ್ಕೊಂಡೇ ಹೋಗಬೇಕು ಯಜಮಾನರೇ" ಎಂದರು. "ನಂಗಲ್ಲ ಸ್ವಾಮಿ. ಗಂಡ ಎಂಡ್ತಿ ಜಗಳ ಆಡ್ಕಂಡ್ರೆ ನಮ್ ಕೂಸು ಅಟ್ಟಿಗೆ ಬರಬ್ಯಾಡ್ವಾ? ಅದ್ಕೆ!" ಅಪ್ಪ ತಲೆಯ ಮೇಲೆ ಟವಲ್ ಎಳೆದುಕೊಂಡರು. ಮದುವೆಯಾಗಿ ಒಂಬತ್ತು ವರ್ಷವಾಯಿತು. ಆ ಬಸ್ಸು ನನಗೆ ಎರಡು ಸಲ ಉಪಯೋಗಕ್ಕೆ ಬಂದಿದೆ. ನನ್ನ ಮೇಲೆ ದೂರು ಹೇಳಲು ನನ್ನ ಗಂಡನೂ ಒಂದು ಸಲ ಹತ್ತಿದ್ದಾರೆ!

ಇದೆಲ್ಲ ನೀರುಗಂಟಿ ಕೆಲಸದಿಂದ ಅಂಟಿದ ರೋಗ ಎಂದು ಅಪ್ಪ ಹೇಳುತ್ತಿದ್ದರು. ನಾಲೆಗೆ ನೀರು ಬಂದ ದಿನ ಬೇರೆ ಊರಿನ ನೀರುಗಂಟಿಗಳು ತೂಬಿನ ಹತ್ತಿರ ಇರುವ ಮೊದಲ ಗದ್ದೆಯಿಂದ ಶುರುಮಾಡುತ್ತಿದ್ದರಂತೆ. ನಮ್ಮ ದೊಡ್ಡಯ್ಯ ಮಾತ್ರ ಮಣ್ಣೆಳೆಯುವ ಸನಿಕೆ ಹೆಗಲಿಗೇರಿಸಿ ಬದುವಿನ ಮೇಲೆ ನಡೆದು ಎಲ್ಲಕ್ಕಿಂತ ಕೊನೆಯ ಗದ್ದೆಗೆ ಹೋಗಿ, ಅಲ್ಲಿ ಮಣ್ಣು ಹಿಸುಕಿ ತೇವ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವವರು. ತೂಬಿನ ಬಳಿ ಗದ್ದೆಯಿದ್ದ ದೊಡ್ಡವರು ರೇಗಿದರೆ, "ತೂಬಿನ ತಾವ ನಿಂತ್ಕಂಡು ನೋಡುದ್ರೆ ಎಲ್ಲಾರ ಗದ್ದೇಲೂ ನೀರು ತುಂಬಿರಂಗೇ ಕಾಣ್ತದೆ ಕಣಪ್ಪ" ಎನ್ನುತ್ತಿದ್ದರಂತೆ.

ಇರಲಿ. ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಆತಂಕ ನನ್ನ ಮನೆದೇವರು. ಬೀಗ ಹಾಕಿ ಬೀದಿಯ ತುದಿಗೆ ಹೋದಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸ್ ಬರುವವಳು ನಾನು. ಬಂದು ನೋಡಿ, ಆರಿಸಿದ್ದನ್ನು ಕಂಡು, ಮತ್ತೆ ಹೋಗುವಾಗ ಬೀಗ ಹಾಕಿದೆನೋ ಇಲ್ಲವೋ ಎಂದು ಇನ್ನೊಂದು ಸಲ ಬರುವವಳೂ ನಾನೇ.

ಇಂಥವಳಿಗೆ ಸಿಕ್ಕ ಕೆಲಸ ನೋಡಿ. ಹಾಲು ಕರೆಯುವ ಮಿಷನ್ನು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಕನ್ನಡ ಕೈಪಿಡಿ ಬರೆಯುವುದು. ಮಿಷನ್ನಿನ ಜೊತೆ ಒಂದು ಪುಸ್ತಕ ಕೊಡುತ್ತಾರಲ್ಲ, ಯಾರೂ ಓದದೆ ಅಟ್ಟಕ್ಕೆ ಹಾಕುವ ಪುಸ್ತಕ, ಅದರ ಲೇಖಕಿ ನಾನು! ಬರೆಯುವುದೇನೋ ಸುಲಭ. ಬರೆದ ಅಧ್ಯಾಯಗಳನ್ನೂ ಚಿತ್ರಗಳನ್ನೂ ಸೇರಿಸಿ ಒಂದು ಪುಸ್ತಕ ಮಾಡುವುದಕ್ಕೆ ನನಗಿಂತ ಮೊದಲಿದ್ದ ಹುಡುಗನೊಬ್ಬ ಕಂಪ್ಯೂಟರಿನಲ್ಲಿ ಒಂದು ಏರ್ಪಾಡು ಮಾಡಿಟ್ಟು, ಬೇರೆ ಕೆಲಸ ಸಿಕ್ಕಿತೆಂದು ಹೋಗಿಬಿಟ್ಟಿದ್ದ. ಅದರ ಹೆಸರು ಮೇಕ್‌ಫೈಲು. 'ಮೇಕ್' ಎಂದು ಹೊಡೆದು ಎಂಟರ್ ಒತ್ತಿದರೆ ಪುಸ್ತಕ ತಾನೇ ತಯಾರಾಗುತ್ತದೆ. ಆಗದಿದ್ದರೆ? ಆಗದಿದ್ದರೆ ಆ ಫೈಲನ್ನು ತೆರೆದು ನೋಡಬೇಕು. ಒಂದು ಸಲ ತೆರೆದಿದ್ದೆ. `$@` ಅಂತೆ, `$<` ಅಂತೆ, `$^` ಅಂತೆ! ವ್ಯಂಗ್ಯಚಿತ್ರಗಳಲ್ಲಿ ಕೋಪಗೊಂಡವನ ತಲೆಯ ಮೇಲೆ ಬೈಗುಳದ ಬದಲು ಬರೆಯುವ ಗುರುತುಗಳು ಇವೇ ಅಲ್ಲವೆ? ಯಾರನ್ನು ಬೈಯುತ್ತಿದೆ ಎಂದು ಅನುಮಾನವಾಗಿ ಮುಚ್ಚಿಬಿಟ್ಟೆ.

ದೊಡ್ಡಯ್ಯನಿಗೆ ಆಗಷ್ಟೇ ಮೈಸೂರಿನಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿ, ಆರೈಕೆಗೆ ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆ. ಧೂಳಿಗೆ ಹೋಗಬಾರದು, ಬಿಸಿಲಿಗೆ ಹೋಗಬಾರದು, ಬಸ್ಸಿನಲ್ಲಿ ಓಡಾಡಬಾರದು, ಕಪ್ಪು ಕನ್ನಡಕ ತೆಗೆಯಬಾರದು, ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಬೇಕು. ಇಷ್ಟು ಡಾಕ್ಟರ ಆಜ್ಞೆ. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತರೆ ರಿಟೈರಾದ ಪೊಲೀಸ್ ಅಧಿಕಾರಿಯಂತೆ ಕಾಣುತ್ತಿದ್ದರು. ನಮ್ಮ ಬೀದಿಯ ಹುಡುಗರು ಆ ವಾರ ಕ್ರಿಕೆಟ್ಟನ್ನೇ ಬಿಟ್ಟಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಅವರಿಗೆ ಬೇಸರವಾಗಿ, "ಅದೇನೋ ಬರ್ದಿದ್ದೀಯಲ್ಲ ಮಗಾ, ಓದು ಕೇಳಾನ" ಎಂದರು. ನನ್ನ ಕೈಪಿಡಿ ಓದು ಎಂದು ಕೇಳಿದ ಮೊದಲ ಮನುಷ್ಯ! ಉಬ್ಬಿಹೋಗಿ ಮುನ್ನುಡಿ ಶುರುಮಾಡಿದೆ.

"ಮುನ್ನುಡಿ ಇರ್ಲಿ. ಕಡೇ ಪುಟ ಓದು."

ಕಡೆಯ ಪುಟ ಓದಿದೆ. "ಹಾಲು ಕರೆದ ಕೂಡಲೇ ಯಂತ್ರವನ್ನು ಧಾರಾಳವಾಗಿ ನೀರು ಹಾಕಿ ಚೆನ್ನಾಗಿ ತೊಳೆಯಿರಿ."

"ಸರಿ. ಪ್ಲಗ್ಗು ಕೀಳದು ಯಾವಾಗ?"

ನಾನು ಪುಟ ತಿರುಗಿಸಿದೆ. ಹಿಂದಿನ ಪುಟ ತಿರುಗಿಸಿದೆ. ಅದರ ಹಿಂದಿನದು. ಪುಸ್ತಕದಲ್ಲಿ ಎಲ್ಲೂ ಪ್ಲಗ್ ಕೀಳಲು ನಾನು ಹೇಳಿರಲಿಲ್ಲ! ಧಾರಾಳವಾಗಿ ನೀರು ಹಾಕಿ ಎಂದು ಬರೆದಿದ್ದೆ, ಕರೆಂಟಿರುವ ಮೋಟರಿನ ಮೇಲೆ.

ಸೋಮವಾರ ಇಪ್ಪತ್ತನಾಲ್ಕು ಮಿಷನ್ನುಗಳು ಕೆ.ಆರ್. ಪೇಟೆ ಕಡೆಗೆ ಹೋಗುವುದಿತ್ತು. ಅದಕ್ಕಿನ್ನೂ ಎರಡು ದಿನವಿತ್ತು. ಆದರೆ ಒಂದು ಮಿಷನ್ನು ಆಗಲೇ ಹೋಗಿತ್ತು. ಹಿಂದಿನ ವಾರ ಕಾರ್ಖಾನೆಯ ಯಜಮಾನರು ಪರೀಕ್ಷೆಗೆಂದು ನಾಗಮಂಗಲ ತಾಲ್ಲೂಕಿನ ದೇವಲಾಪುರದ ಆಚೆ, ಮೂರು ಹಸು ಕಟ್ಟಿದ್ದ ಹೆಂಗಸೊಬ್ಬರಿಗೆ ಅದನ್ನು ಕೊಟ್ಟುಬಂದಿದ್ದರು, ಜೊತೆಗೆ ನನ್ನ ಪುಸ್ತಕವನ್ನೂ. ದಿನಕ್ಕೆ ಎರಡು ಹೊತ್ತು ಆಕೆ ಮಿಷನ್ನು ತೊಳೆಯುತ್ತಾರೆ, ನಾನು ಹೇಳಿಕೊಟ್ಟ ಹಾಗೆ!

ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಹನ್ನೊಂದು ಸಲ ಮಾಡಿದೆ. ಯಜಮಾನರಿಗೆ ಮಾಡಿದರೆ, "ಅಯ್ಯೋ ಮೇಡಂ, ಹಳ್ಳಿಯವರು, ಅವರಿಗೆ ಅಷ್ಟು ಗೊತ್ತಿರಲ್ವಾ? ಸೋಮವಾರ ಗಾಡಿ ಆ ಕಡೆಯಿಂದಲೇ ಹೋಗುತ್ತೆ, ಆಗ ಹೇಳಿದರಾಯ್ತು" ಎಂದರು. ಅವರು ಕೊಟ್ಟ ವಿಳಾಸವನ್ನು ಜೋರಾಗಿ ಹೇಳಿಕೊಳ್ಳುತ್ತ ಬರೆದುಕೊಂಡೆ. ದೇವಲಾಪುರದಿಂದ ಮೂರು ಮೈಲಿ, ಊರಾಚೆ ತೋಟದ ಮನೆ, ಮುಂದೆ ಹುಣಸೆಮರ. ಆದರೆ ಹಾಳೆ ಕೈಯಲ್ಲಿಲ್ಲದೆ ಹೋಗುವುದು ಹೇಗೆ? ಮೊದಲು ಎಚ್ಚರಿಕೆಯ ಪುಟ ತಯಾರಾಗಬೇಕು, ಪುಸ್ತಕದಲ್ಲಿ ಸೇರಬೇಕು, ಆಮೇಲೆ ಮಿಕ್ಕಿದ್ದು. ನನ್ನ ತಲೆ ಹಾಗೆ ಓಡುತ್ತದೆ, ಮೊದಲಿನಿಂದ.

ಪುಸ್ತಕದಲ್ಲಿ 'ಎಚ್ಚರಿಕೆ' ಎಂಬ ಪುಟಕ್ಕೆ ಆ ಹುಡುಗ ಜಾಗ ಬಿಟ್ಟು, ಒಂದು ಖಾಲಿ ಫೈಲನ್ನೂ ಇಟ್ಟುಹೋಗಿದ್ದ. ಅದನ್ನು ತುಂಬಬೇಕಾದವಳು ನಾನು, ಮರೆತಿದ್ದೆ. ಕೂತು ಬರೆದೆ: ತೊಳೆಯುವ ಮೊದಲು ಪ್ಲಗ್ ಕಿತ್ತುಹಾಕಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ದಪ್ಪ ಅಕ್ಷರ ಮಾಡಿದೆ. 'ಮೇಕ್' ಹೊಡೆದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು. ಕೈಪಿಡಿ ಹೊಸದಾಗಿಯೇ ಇದೆ, ಮಾಡುವುದೇನೂ ಇಲ್ಲ!

ಏನೂ ಇಲ್ಲವೆ? ಮತ್ತೆ ಹೊಡೆದೆ. ಏನೂ ಇಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿ ಹೊಡೆದೆ. ಏನೂ ಇಲ್ಲ. ಪುಸ್ತಕ ತೆರೆದು ನೋಡಿದರೆ ಎಚ್ಚರಿಕೆಯ ಜಾಗದಲ್ಲಿ ಬರೀ ಬಿಳಿ. ಹಳೆಯ ಪುಸ್ತಕವನ್ನು ಅಳಿಸಿಬಿಟ್ಟರೆ ಹೊಸದಾಗಿ ಮಾಡುತ್ತದೇನೋ ಅನ್ನಿಸಿತು. ಆದರೆ ಅಳಿಸಿದ್ದು ಮತ್ತೆ ಹುಟ್ಟದಿದ್ದರೆ? ಇದ್ದ ಒಂದನ್ನೂ ಕಳೆದುಕೊಳ್ಳುವ ಧೈರ್ಯ ನನಗೆಲ್ಲಿಂದ ಬರಬೇಕು? ಮೇಕ್‌ಫೈಲನ್ನು ತೆರೆದು, ಮೇಲಿನ ಸಾಲಿನಿಂದ ಓದತೊಡಗಿದೆ. ಮೂರು ಸಲ ಓದಿದೆ. ಕೆಳಗೆ ಬರುವಷ್ಟರಲ್ಲಿ ಮೇಲಿನದು ಮರೆಯುತ್ತಿತ್ತು. ಅಳು ಬಂತು.

"ಏನವ್ವಾ ಅದು? ಪಂಚಾಂಗ ಓದ್ದಂಗೆ ಓದ್ತಿದ್ದೀಯೆ" ಎಂದರು ದೊಡ್ಡಯ್ಯ.

"ಸುಮ್ನಿರು ದೊಡ್ಡಯ್ಯ, ಇದು ನಿಂಗೆ ಅರ್ಥ ಆಗಲ್ಲ."

"ನಿಂಗೆ ಆಗ್ತಾ ಅದಾ?"

ಇಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕಪ್ಪು ಕನ್ನಡಕ, ಇಂಗ್ಲಿಷ್ ಬಾರದು, ಒಂದು ಕಣ್ಣಿಗೆ ಆಪರೇಷನ್ನು, ಇನ್ನೊಂದು ಕಣ್ಣಿನಲ್ಲಿ ಪೊರೆ. ಇಂಥ ತಜ್ಞರು ಯಾವ ಕಂಪ್ಯೂಟರಿನ ಮುಂದೆಯೂ ಕೂತಿರಲಾರರು!

"ಕಡೇಗೆ ಏನ್ ಬೇಕು ನಿಂಗೆ?" ಎಂದು ಕೇಳಿದರು.

"ಪುಸ್ತಕ."

"ಪುಸ್ತಕ ಅಂತ ಎಲ್ಲಿ ಬರ್ದವ್ನೆ ನೋಡು. ಬ್ಯಾರೆದ್ ಓದಬ್ಯಾಡ."

ನೋಡಿದೆ. ಒಂದು ಸಾಲಿನ ಎಡಗಡೆಯಲ್ಲಿ ಕೈಪಿಡಿಯ ಹೆಸರಿತ್ತು. ಅದರ ಮುಂದೆ ಮೇಲೊಂದು ಕೆಳಗೊಂದು ಚುಕ್ಕಿ. ಚುಕ್ಕಿಯಾದ ಮೇಲೆ ಬಲಗಡೆಗೆ ಹೆಸರುಗಳ ಸಾಲು. ಅದರ ಕೆಳಗೆ ಸ್ವಲ್ಪ ಜಾಗ ಬಿಟ್ಟು ಒಂದು ಅಪ್ಪಣೆ, ಪುಸ್ತಕ ಕಟ್ಟು ಎಂದು.

"ಎಡಗಡೀಕಿರದು ಗದ್ದೆ ಅನ್ನು. ಬಲಗಡೀಕಿರವು?"

ಹೆಸರುಗಳನ್ನು ಓದಿದೆ. ಮುನ್ನುಡಿ, ಜೋಡಣೆ, ಕರೆಯುವುದು, ತೊಳೆಯುವುದು, ಚಿತ್ರಗಳು. ಓದುತ್ತಿದ್ದಂತೆ ತಲೆಯಲ್ಲಿ ಏನೋ ಸಡಿಲವಾಯಿತು. "ಇವೆಲ್ಲ ಇದ್ದರೆ ಪುಸ್ತಕ ಆಗುತ್ತೆ ಅಂತ ದೊಡ್ಡಯ್ಯ. ಪುಸ್ತಕ ಕಟ್ಟಿದ ಮೇಲೆ ಇವುಗಳಲ್ಲಿ ಯಾವುದಾದರೂ ಬದಲಾಗಿದ್ದರೆ ಮತ್ತೆ ಕಟ್ಟುತ್ತೆ. ಬದಲಾಗದಿದ್ದರೆ ಸುಮ್ಮನಿರುತ್ತೆ."

"ಸರಿಯಾಗೇ ಅದೆ. ಕಡೇ ಗದ್ದೇಲಿ ತೇವ ಇದ್ರೆ ನಾನೂ ತೂಬು ಎತ್ತುತಿರ್ನಿಲ್ಲ. ಈಗ ನೀನು ಹೊಸದಾಗಿ ಏನ್ ಬರ್ದೆ?"

"ಎಚ್ಚರಿಕೆ."

"ಅದು ಆ ಸಾಲ್ನಲ್ಲಿ ಎಲ್ಲದೆ?"

ಬೆರಳಿಟ್ಟು ಹುಡುಕಿದೆ. ಇರಲಿಲ್ಲ! ಪುಸ್ತಕದೊಳಗೆ ಎಚ್ಚರಿಕೆಗೆ ಜಾಗವಿತ್ತು, ಮೇಕ್‌ಫೈಲಿನ ಸಾಲಿನಲ್ಲಿ ಅದರ ಹೆಸರೇ ಇರಲಿಲ್ಲ. ನಾನು ಅದರಲ್ಲಿ ಏನು ಬರೆದರೂ, ಎಷ್ಟು ಸಲ ಬರೆದರೂ, ಮೇಕ್ ಎಂಬ ಮಹಾಶಯ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ.

"ಪಟ್ಟೀಲಿ ಎಸರಿಲ್ದೋನ ಗದ್ದೆಗೆ ನೀರು ಎಂಗವ್ವಾ ಓಗ್ತದೆ?" ಎಂದರು ದೊಡ್ಡಯ್ಯ. ನಾನು ಅವರ ಎರಡೂ ಕೈ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ರಾತ್ರಿ ಒಂಬತ್ತಾಗಿತ್ತು, ಕರೆಂಟು ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಹೆಸರಿಗಷ್ಟೇ ಇರುವುದು, ಅದೂ ಹೋಯಿತು.

ಕತ್ತಲಲ್ಲೇ ದೊಡ್ಡಯ್ಯ ಕೇಳಿದರು: "ಆ ಯಮ್ಮ ಎಷ್ಟೊತ್ತಿಗೆ ಆಲು ಕರೀತದಂತೆ?"

"ಬೆಳಗ್ಗೆ ಐದೂವರೆಗೆ, ಸಾಯಂಕಾಲ ಐದೂವರೆಗೆ ಇರಬೇಕು. ಯಾಕೆ?"

"ಏನಿಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಶನಿವಾರ ಬೆಳಗ್ಗೆ ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ದೊಡ್ಡಯ್ಯ ಮಾಯ. "ಪಾಂಡವಪುರದಲ್ಲಿ ಏನೋ ಕೆಲಸ ಅದೆ ಅಂತ ಹೇಳಿ ಹೋದರು" ಎಂದರು ನನ್ನ ಗಂಡ, ಪೇಪರಿನಿಂದ ತಲೆ ಎತ್ತದೆ. ಕಣ್ಣಿಗೆ ಆಪರೇಷನ್ ಆದವರನ್ನು ಬಸ್ಸಿಗೆ ಬಿಟ್ಟಿರಲ್ಲ ಎಂದು ಅವರ ಮೇಲೆ ಹರಿಹಾಯ್ದೆ. ಮನೆಯಲ್ಲಿ ಆತಂಕಕ್ಕೆ ವಿಷಯ ಕಡಿಮೆಯಾಗಿತ್ತೆಂದೇ ದೊಡ್ಡಯ್ಯ ಹೀಗೆ ಮಾಡಿದರೆ? ಇವರ ಚಿಂತೆ ಮಾಡಲೆ, ದೇವಲಾಪುರದ ಹೆಂಗಸಿನ ಚಿಂತೆ ಮಾಡಲೆ? ಎರಡನ್ನೂ ಒಟ್ಟಿಗೆ ಮಾಡುತ್ತ ಲ್ಯಾಪ್‌ಟಾಪ್ ತೆರೆದೆ.

ಸಾಲಿನ ಕೊನೆಗೆ 'ಎಚ್ಚರಿಕೆ' ಸೇರಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಕೆಳಗಿನ ಅಪ್ಪಣೆಯ ಸಾಲು ತೀರಾ ಒಳಕ್ಕೆ ಸರಿದು ಓರೆಯಾಗಿ ಕಂಡಿತು. ಕನ್ನಡ ಎಂ.ಎ. ಮಾಡಿದವಳು, ಅಂದಗೆಟ್ಟ ಪುಟ ಸಹಿಸಲಾರೆ. ಇದ್ದ ಜಾಗ ಅಳಿಸಿ, ಸ್ಪೇಸ್ ಕೀಲಿಯನ್ನು ನಾಲ್ಕು ಸಲ ಒತ್ತಿ, ಒಪ್ಪವಾಗಿ ಕೂರಿಸಿದೆ. 'ಮೇಕ್' ಹೊಡೆದೆ. ಈ ಸಲ ಅದು ಸಿಟ್ಟಿಗೆದ್ದಿತು. ಇಂಥ ಸಾಲಿನಲ್ಲಿ ಇರಬೇಕಾದ್ದು ಇಲ್ಲ, ನಿಲ್ಲಿಸಿದ್ದೇನೆ, ಎಂದು ಹೇಳಿ ನಿಂತೇಬಿಟ್ಟಿತು!

ಏನಿಲ್ಲ? ಎಲ್ಲ ಇದೆ! ಅಕ್ಷರ ಅಕ್ಷರ ಹೋಲಿಸಿ ನೋಡಿದೆ. ಹತ್ತೂವರೆಯಾಯಿತು, ಹನ್ನೆರಡಾಯಿತು. ದೇವಲಾಪುರಕ್ಕೆ ಫೋನ್ ಮಾಡಿದೆ, ಸ್ವಿಚ್ ಆಫ್. ಬೆಳಗ್ಗೆ ಆಕೆ ಮಿಷನ್ನು ತೊಳೆದಿರುತ್ತಾರೆ. ತೊಳೆದಮೇಲೆ ಏನಾಯಿತು? ಫೋನ್ ಯಾಕೆ ಇನ್ನೂ ಆಫ್ ಆಗಿದೆ? ಅನ್ನಕ್ಕೆ ಇಟ್ಟ ಕುಕ್ಕರು ಎಷ್ಟು ಸಲ ಕೂಗಿತೋ ದೇವರೇ ಬಲ್ಲ, ಪಕ್ಕದ ಮನೆಯವರು ಬಂದು ಆರಿಸಿದರು.

ಮೂರು ಗಂಟೆಯ ಹೊತ್ತಿಗೆ ಸೋತು, ಬಾಣದ ಕೀಲಿಯನ್ನು ಸುಮ್ಮನೆ ಒತ್ತುತ್ತ ಕೂತಿದ್ದೆ. ಆಗ ಕಂಡಿತು. ಬೇರೆ ಅಪ್ಪಣೆಗಳ ಸಾಲಿನಲ್ಲಿ ಕರ್ಸರು ಆ ಖಾಲಿ ಜಾಗವನ್ನು ಒಂದೇ ನೆಗೆತಕ್ಕೆ ದಾಟುತ್ತಿತ್ತು. ನಾನು ಒಪ್ಪಮಾಡಿದ ಸಾಲಿನಲ್ಲಿ ಮಾತ್ರ ನಾಲ್ಕು ಹೆಜ್ಜೆ ಇಟ್ಟು ನಡೆಯುತ್ತಿತ್ತು. ಅಂದರೆ ಅಲ್ಲಿ ಮೊದಲಿದ್ದದ್ದು ನಾಲ್ಕು ಸ್ಪೇಸಲ್ಲ, ಒಂದೇ ಒತ್ತಿಗೆ ಅಷ್ಟು ಜಾಗ ಬಿಡುವ ಟ್ಯಾಬ್! ಕಣ್ಣಿಗೆ ಎರಡೂ ಒಂದೇ ಬಿಳಿ. ಮೇಕ್‌ಗೆ ಮಾತ್ರ ಟ್ಯಾಬ್ ಇಲ್ಲದಿದ್ದರೆ ಅಪ್ಪಣೆಯೇ ಅಲ್ಲ. ಇಂಥ ಮಡಿವಂತಿಕೆಯನ್ನು ನಮ್ಮ ಅಜ್ಜಿಯ ಅಡುಗೆಮನೆಯಲ್ಲೂ ಕಂಡಿರಲಿಲ್ಲ. ಟ್ಯಾಬ್ ಒತ್ತಿದೆ, ಮೇಕ್ ಹೊಡೆದೆ. ಪರದೆಯ ಮೇಲೆ ಸಾಲುಗಳು ಸರಸರನೆ ಓಡಿದವು. ಪುಸ್ತಕ ತೆರೆದರೆ ಬಿಳಿ ಪುಟದ ಜಾಗದಲ್ಲಿ ದಪ್ಪ ಅಕ್ಷರ: ಪ್ಲಗ್ ಕಿತ್ತುಹಾಕಿ! ಪೇಟೆಗೆ ಓಡಿ ಮುದ್ರಣಕ್ಕೆ ಕೊಟ್ಟೆ. ಭಾನುವಾರ ಬೆಳಗ್ಗೆ ಒಂದು ಪ್ರತಿಯನ್ನು ನಾನೇ ದೇವಲಾಪುರಕ್ಕೆ ಒಯ್ಯುವುದೆಂದು ನಿಶ್ಚಯಿಸಿದೆ.

ದೊಡ್ಡಯ್ಯ ಮನೆಗೆ ಬಂದದ್ದು ರಾತ್ರಿ ಹತ್ತಕ್ಕೆ. ಪಂಚೆಯ ಅಂಚೆಲ್ಲ ಕೆಮ್ಮಣ್ಣು, ಕನ್ನಡಕದ ಮೇಲೆ ಗೀರು ಎಳೆಯುವಷ್ಟು ಧೂಳು. ಮೂರು ಸಲದ ಡ್ರಾಪ್ಸ್ ತಪ್ಪಿತ್ತು. ಇಡೀ ದಿನದ ಹೆದರಿಕೆಯೆಲ್ಲ ಕೋಪವಾಗಿ ಅವರ ಮೇಲೆ ಸುರಿಯಿತು. "ನಿಂಗೆ ಬುದ್ಧಿ ಇದೆಯಾ ದೊಡ್ಡಯ್ಯ? ಕಣ್ಣು ಹೋದ್ರೆ ಯಾರು ನೋಡೋರು? ನಾನಿಲ್ಲಿ ಸಾಯ್ತಾ ಇದ್ದೀನಿ, ನಿಂಗೆ ಊರು ಸುತ್ತೋ ಚಪಲ!"

ಅವರು ನಿಧಾನವಾಗಿ ಚಪ್ಪಲಿ ಬಿಟ್ಟು, "ಆ ಯಮ್ಮಂಗೆ ಏನೂ ಆಗಿಲ್ಲ ಕಣ್ಮಗಾ. ಉಂಡು ಮಲೀಕೊ" ಎಂದರು.

"ನಿಂಗೇನು ಗೊತ್ತು? ಸುಮ್ನೆ ಸಮಾಧಾನ ಹೇಳಬೇಡ!"

ದೊಡ್ಡಯ್ಯ ಕೈಕಾಲು ತೊಳೆದುಕೊಂಡರು. ಊಟ ಮಾಡಿ ಮಲಗಿದರು.

ಭಾನುವಾರ ಮೂರು ಬಸ್ಸು ಬದಲಾಯಿಸಿ ದೇವಲಾಪುರಕ್ಕೆ ಹೋಗಿ, ಅಲ್ಲಿಂದ ಹೊಲಗಳ ನಡುವೆ ಮೂರು ಮೈಲಿ ನಡೆದೆ. ದಾರಿಯಲ್ಲಿ ಎದುರಾದ ಒಬ್ಬೊಬ್ಬರ ಮುಖವನ್ನೂ ನೋಡಿದೆ, ಸಾವಿನ ಮನೆಯಿಂದ ಬರುತ್ತಿದ್ದಾರೇನೋ ಎಂದು. ತೋಟದ ಮನೆ ಸಿಕ್ಕಿತು. ಹುಣಸೆಮರದ ಕೆಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹಿಂಡಿ ಕಲಸುತ್ತಿದ್ದರು. ಜೀವಂತವಾಗಿದ್ದರು! ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಚೀಲದಿಂದ ಪುಸ್ತಕ ತೆಗೆಯುತ್ತಲೇ ಆಕೆ, "ಓ, ಆಳೆ ತಂದ್ರಾ? ಇವತ್ತೋ ನಾಳೆಯೋ ಬತ್ತದೆ ಅಂತ ನಿಮ್ ದೊಡ್ಡಯ್ಯ ಯೋಳಿದ್ರು" ಎಂದರು.

"ಯಾರು?"

"ಕಪ್ಪು ಕನ್ನಡಕದೋರು ಕಣಕ್ಕ. ನೆನ್ನೆ ಮಟಮಟ ಮಧ್ಯಾನದಲ್ಲಿ ನಡ್ಕಂಡ್ ಬಂದ್ರು. ಪೋನ್ ಕೆಟ್ಟೋಗಿ ನಾಕ್ ದಿನ ಆಯ್ತು ಅಂದೆ. ಪ್ಲಗ್ಗು ಕೀಳ್ದೆ ನೀರಾಕಬ್ಯಾಡ ಅಂದ್ರು. ಸರಿ ಅಂದ್ರೂ ಓಗ್ನಿಲ್ಲ. ನೀನು ಕಿತ್ತು ತೊಳೆಯೋದ ನಾನು ನೋಡ್ಬೇಕು ಅಂತ ಸಾಯಂಕಾಲದ ಆಲು ಕರೆಯೋಗಂಟ ಇಲ್ಲೇ ಕುಂತಿದ್ರು. ಒಂದ್ ಲೋಟ ಮಜ್ಜಿಗೆ ಬುಟ್ರೆ ಏನೂ ಮುಟ್ನಿಲ್ಲ."

ನಾನು ಹಾಳೆಗಾಗಿ ಎರಡು ದಿನ ಒದ್ದಾಡುತ್ತಿದ್ದಾಗ ಅವರು ಬಾಯಿಮಾತನ್ನು ಹೊತ್ತುಕೊಂಡು ಇಲ್ಲಿಗೆ ಬಂದು ಕೂತಿದ್ದರು.

ಆಕೆ ಕೈ ಒರೆಸಿಕೊಂಡು, ಸ್ವಲ್ಪ ಸಂಕೋಚದಿಂದ ಮುಂದುವರಿಸಿದರು. "ನನ್ನಿಂದ ಒಂದ್ ತಪ್ಪಾಯ್ತು ಕಣಕ್ಕ. ಇಂತಾ ಮುಖ್ಯವಾದ್ದ ಪುಸ್ತಕದಲ್ಲಿ ಯಾಕ್ ಆಕ್ಲಿಲ್ಲ ಅಂತ ಕೇಳ್ದೆ. 'ನಮ್ ತಮ್ಮನ ಮಗಳು ಬರ್ದಿದ್ಲು ಕಣವ್ವ. ಆ ಆಳೆ ನಿಂಗೆ ತಲುಪ್ಸೋ ಕೆಲ್ಸ ನಂದಾಗಿತ್ತು, ನಾನೇ ಮರ್ತ್ಬುಟ್ಟೆ' ಅಂದ್ರು. ನಂಗೂ ರೇಗೋಯ್ತು. ನನ್ ಜೀವ ಓಗಿದ್ರೆ ಏನ್ ಮಾಡ್ತಿದ್ರಿ ಅಂತ ಬಾಯಿಗ್ ಬಂದಂಗೆ ಬೈದ್ಬುಟ್ಟೆ. ತಲೆ ಬಗ್ಗಿಸ್ಕಂಡು ಎಲ್ಲಾ ಬೈಸ್ಕಂಡ್ರು. ವಯಸ್ಸಾದೋರು, ಪಾಪ. ನಾನು ಅಂಗ್ ಅನ್ಬಾರ್ದಾಗಿತ್ತು."

ಆ ಬೈಗುಳ ನನ್ನದು. ಅದನ್ನು ತಿಂದು ಮನೆಗೆ ಬಂದವರಿಗೆ ನಾನೂ ನನ್ನ ಪಾಲಿನದನ್ನು ಬಡಿಸಿದ್ದೆ. ಆಕೆಗೆ ನಿಜ ಹೇಳಬೇಕೆಂದು ಬಾಯಿ ತೆರೆದೆ, ಹೇಳಿದೆ, ಅಳುತ್ತಲೇ ಹೇಳಿದೆ. ಆಕೆ ಒಳಗೆ ಹೋಗಿ ನನಗೂ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

ಮನೆಗೆ ಬಂದಾಗ ಸಂಜೆಯ ಡ್ರಾಪ್ಸಿನ ಹೊತ್ತಾಗಿತ್ತು. ದೊಡ್ಡಯ್ಯ ಜಗಲಿಯಲ್ಲಿ ಮುಖ ಮೇಲೆತ್ತಿ ಕಾದಿದ್ದರು. ಕನ್ನಡಕ ತೆಗೆದು ನೋಡಿದರೆ ಕಣ್ಣು ಕೆಂಡದಂತೆ ಕೆಂಪಾಗಿತ್ತು. ರೆಪ್ಪೆ ಬಿಡಿಸಿ ಒಂದು ಹನಿ ಹಾಕಿದೆ.

"ಆಳೆ ಕೊಟ್ಯಾ?"

"ಕೊಟ್ಟೆ. ತಪ್ಪು ನಿಂದು ಅಂತ ಯಾಕೆ ಹೇಳಿದೆ ದೊಡ್ಡಯ್ಯ?"

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಆ ಯಮ್ಮ ದಿನಾ ನಂಬಬೇಕಾಗಿರೋದು ನಿನ್ ಪುಸ್ತಕವ ಕಣವ್ವ. ನನ್ ನಂಬಿ ಏನಾಗ್ಬೇಕು?"

ಎರಡನೆಯ ಹನಿ ಹಾಕಲು ಹೋದೆ. ಗುರಿ ತಪ್ಪಿ ಅದು ಅವರ ಕೆನ್ನೆಯ ಮೇಲೆ ಬಿತ್ತು.